ಮನೆಯ ಜಾಲದ ಕೀಲಿಕೈ ಯಾರ ಬಳಿ ಇರಬೇಕು?

ಹೊಸ ಬೀಗವನ್ನು ಕೊಳ್ಳುವ ಗೃಹಸ್ಥ, ಅದಕ್ಕೆ ಎಷ್ಟು ಕೀಲಿಕೈಗಳಿವೆ, ಅವೆಲ್ಲವೂ ತನ್ನ ಕೈಗೇ ಬರುತ್ತವೆಯೇ ಎಂದು ವಿಚಾರಿಸದೆ ಹಣ ಎಣಿಸುವುದಿಲ್ಲ. ಬೀಗ ಮಾಡಿದವನು ಒಂದು ಕೀಲಿಯನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾನೆ, ಕೆಟ್ಟರೆ ಬಿಚ್ಚಿ ನೋಡಲು ಯಾರಿಗೂ ಅವಕಾಶವಿಲ್ಲ ಎಂದು ತಿಳಿದರೆ ಆ ಅಂಗಡಿಯ ಮೆಟ್ಟಿಲನ್ನು ಯಾರೂ ಎರಡನೆಯ ಬಾರಿ ಹತ್ತಲಾರರು. ಆದರೆ ಮುಂಬಾಗಿಲಿಗಿಂತ ಹೆಚ್ಚು ಸಂಚಾರವಿರುವ ಮತ್ತೊಂದು ಬಾಗಿಲು ಇಂದು ನಮ್ಮ ಮನೆಗಳಲ್ಲಿದೆ. ಟೆಲಿವಿಷನ್ನಿನ ಹಿಂದೆಯೋ ಅಟ್ಟದ ಮೂಲೆಯಲ್ಲೋ ಮಿಣುಕು ದೀಪಗಳೊಂದಿಗೆ ಕುಳಿತಿರುವ ರೂಟರ್ ಎಂಬ ಪೆಟ್ಟಿಗೆಯೇ ಆ ಬಾಗಿಲು. ಬ್ಯಾಂಕಿನ ವ್ಯವಹಾರ, ಪಿಂಚಣಿದಾರರ ಜೀವನ ಪ್ರಮಾಣಪತ್ರ, ವೈದ್ಯರೊಂದಿಗಿನ ವಿಡಿಯೊ ಸಮಾಲೋಚನೆ, ಮೊಮ್ಮಕ್ಕಳ ಪಾಠ, ಗೇಟಿನ ಮೇಲಿನ ಕ್ಯಾಮೆರಾದ ಚಿತ್ರ, ಎಲ್ಲವೂ ಅದರ ಮೂಲಕವೇ ಹಾದುಹೋಗಬೇಕು. ಆ ಬಾಗಿಲಿನ ಕೀಲಿಕೈ ಮಾತ್ರ ನಮ್ಮಲ್ಲಿ ಬಹುಪಾಲು ಮಂದಿಯ ಬಳಿ ಇಲ್ಲ.

ನಾನು ಎಂಜಿನಿಯರ್ ಅಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಗಳ ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದವನು. ಆದರೂ ಕಳೆದ ವರ್ಷ ಮನೆಯ ಜಾಲವನ್ನು ಹೊಸದಾಗಿ ಅಣಿಗೊಳಿಸುವ ಸಂದರ್ಭ ಒದಗಿದಾಗ ಈ ವಿಷಯವನ್ನು ಸ್ವಲ್ಪ ಆಳವಾಗಿ ಅಭ್ಯಸಿಸಬೇಕಾಯಿತು. ಇದಕ್ಕೆ ನಿಮಿತ್ತವಾದದ್ದು ಒಂದು ಸಣ್ಣ ಸಂಭಾಷಣೆ. ಅಂತರ್ಜಾಲ ಸೇವೆ ಒದಗಿಸುವ ಸಂಸ್ಥೆಯೊಂದರಿಂದ ಬಂದ ತಂತ್ರಜ್ಞನನ್ನು, ಅವನು ಅಳವಡಿಸಿದ ಪೆಟ್ಟಿಗೆಯ ಆಡಳಿತ ಗುಪ್ತಪದ ಯಾವುದೆಂದು ಕೇಳಿದೆ. ‘ಅದೆಲ್ಲ ನಿಮಗೇಕೆ ಸಾರ್, ಏನಾದರೂ ಬೇಕಾದರೆ ನಾವು ಕಚೇರಿಯಿಂದಲೇ ಬದಲಿಸುತ್ತೇವೆ’ ಎಂದು ಆತ ಅತ್ಯಂತ ಸೌಜನ್ಯದಿಂದ ಉತ್ತರಿಸಿದ. ಆತನಲ್ಲಿ ಕೇಡಿನ ಉದ್ದೇಶವೇನೂ ಇರಲಿಲ್ಲ. ಆದರೆ ಕರ್ನಾಟಕದ 2000ದ ಮಾಹಿತಿ ಹಕ್ಕು ಕಾಯ್ದೆ, ಬಳಿಕ ಕೇಂದ್ರದ 2005ರ ಕಾಯ್ದೆ ಬಂದಾಗ, ‘ಕಡತ ನಿಮಗೇಕೆ?’ ಎಂದು ನಾಗರಿಕರನ್ನು ಕೇಳಬಾರದೆಂಬ ಪಾಠವನ್ನು ಕಷ್ಟಪಟ್ಟು ಕಲಿತ ಪೀಳಿಗೆಯ ಅಧಿಕಾರಿ ನಾನು. ನನ್ನ ಮನೆಯೊಳಗಿನ ಯಂತ್ರದ ಬಗ್ಗೆ ನನಗೇ ಅದೇ ಉತ್ತರ ಬಂದದ್ದು ವಿಚಿತ್ರವೆನಿಸಿತು.

ಮೊದಲು ಈ ಉಪಕರಣಗಳ ಕೆಲಸವೇನೆಂಬುದನ್ನು ತಿಳಿಯಬೇಕು. ದೊಡ್ಡ ಕಚೇರಿಯೊಂದರ ಟಪಾಲು ಶಾಖೆಯನ್ನು ನೆನಪಿಸಿಕೊಳ್ಳಿ. ಹೊರಗಿನಿಂದ ಬಂದ ಪತ್ರ ಯಾವ ಮೇಜಿಗೆ ಸೇರಬೇಕು, ಒಳಗಿನಿಂದ ಹೊರಟದ್ದು ಯಾವ ದಾರಿಯಲ್ಲಿ ಹೋಗಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ನಿರ್ಧರಿಸುವ ಆ ಶಾಖೆಯ ಕೆಲಸವನ್ನೇ ರೂಟರ್ ಮಾಡುತ್ತದೆ. ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ಕಡತ ಒಯ್ಯುವ ಜವಾನನ ಕೆಲಸ ಸ್ವಿಚ್‌ನದು. ತಂತಿಯಿಲ್ಲದೆ ಮಾತು ಮುಟ್ಟಿಸುವುದು ವೈ-ಫೈ ಕೇಂದ್ರದ ಕೆಲಸ. ಮಾರುಕಟ್ಟೆಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಈ ಮೂರೂ ಒಂದೇ ಕವಚದಲ್ಲಿ ಇರುವುದರಿಂದ ನಾವು ಅವನ್ನು ಒಂದೇ ವಸ್ತುವೆಂದು ಭಾವಿಸಿದ್ದೇವೆ. ವಾಸ್ತವದಲ್ಲಿ ರೂಟರ್ ಒಂದು ಪರಿಪೂರ್ಣ ಗಣಕಯಂತ್ರ. ಅದಕ್ಕೂ ಸಂಸ್ಕಾರಕ, ಸ್ಮೃತಿ, ಕಾರ್ಯಾಚರಣ ವ್ಯವಸ್ಥೆ ಎಲ್ಲವೂ ಇವೆ. ಸೋಜಿಗವೆಂದರೆ, ಆ ಕಾರ್ಯಾಚರಣ ವ್ಯವಸ್ಥೆ ಬಹುತೇಕ ಸಂದರ್ಭಗಳಲ್ಲಿ ಸ್ವತಂತ್ರ ತಂತ್ರಾಂಶವಾದ ಲಿನಕ್ಸೇ ಆಗಿರುತ್ತದೆ.

ಸ್ವತಂತ್ರ ತಂತ್ರಾಂಶವೆಂದರೆ ಬಿಟ್ಟಿ ತಂತ್ರಾಂಶವಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಅಲ್ಲಿ ಗೊಂದಲ ಹೆಚ್ಚು, ಕನ್ನಡಕ್ಕೆ ಆ ಬಾಧೆಯಿಲ್ಲ. ಬೇಕಾದ ಉದ್ದೇಶಕ್ಕೆ ಬಳಸುವ, ಒಳಗೇನಿದೆ ಎಂದು ಓದಿ ಬದಲಿಸುವ, ಪ್ರತಿ ಮಾಡಿ ಹಂಚುವ, ಬದಲಿಸಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಅದರ ಲಕ್ಷಣ. 1983ರಲ್ಲಿ ಈ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಪ್ರೇರಣೆಗಳಲ್ಲೊಂದಾದದ್ದು ಒಂದು ಪ್ರಿಂಟರ್: ಅದರ ಆಕರ ಸಂಕೇತ ದೊರೆಯದ ಕಾರಣ ತಮ್ಮ ಪ್ರಯೋಗಾಲಯಕ್ಕೆ ಬೇಕಾದ ಸಣ್ಣ ಸುಧಾರಣೆಯನ್ನೂ ಅವರು ಮಾಡಲಾಗಲಿಲ್ಲ. ಅಂದರೆ ಚಳವಳಿಯ ಮೂಲದಲ್ಲೇ ಇದ್ದದ್ದು ದುಡ್ಡಿನ ಪ್ರಶ್ನೆಯಲ್ಲ, ಕೊಂಡು ತಂದ ಯಂತ್ರದ ಮೇಲೆ ಯಜಮಾನಿಕೆ ಯಾರದು ಎಂಬ ಪ್ರಶ್ನೆ.

ಮನೆಯ ರೂಟರುಗಳ ಮಟ್ಟಿಗೆ ಈ ಪ್ರಶ್ನೆ ಎದ್ದದ್ದು 2003ರಲ್ಲಿ. ಲಿಂಕ್‌ಸಿಸ್ ಸಂಸ್ಥೆಯ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಆಗ ಅಮೆರಿಕದಲ್ಲಿ ಭರದಿಂದ ಮಾರಾಟವಾಗುತ್ತಿತ್ತು. ಆ ವರ್ಷವೇ ಸಿಸ್ಕೊ ಸಂಸ್ಥೆ ಸುಮಾರು 50 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ಲಿಂಕ್‌ಸಿಸ್ಸನ್ನು ತನ್ನದಾಗಿಸಿಕೊಂಡಿತು. ಆ ಪೆಟ್ಟಿಗೆಯೊಳಗಿರುವುದು ಲಿನಕ್ಸ್ ಎಂಬುದನ್ನು ಕೆಲವು ಕುತೂಹಲಿಗಳು ಪತ್ತೆಹಚ್ಚಿದರು. ಲಿನಕ್ಸಿನ ಪರವಾನಗಿಯಾದ ಜಿಪಿಎಲ್‌ನ ಷರತ್ತು ಸರಳ: ನೀವು ಇದನ್ನು ಬಳಸಿ ಮಾರಬಹುದು, ಆದರೆ ಕೊಂಡವನು ಕೇಳಿದರೆ ಆಕರ ಸಂಕೇತವನ್ನು ಕೊಡಬೇಕು. ಒತ್ತಡ ಹೆಚ್ಚಿದಾಗ ಸಂಸ್ಥೆ ಅದೇ ವರ್ಷ ಸಂಕೇತವನ್ನು ಬಿಡುಗಡೆ ಮಾಡಿತು. ಅದರ ಬೀಜದಿಂದ 2004ರಲ್ಲಿ ಮೊಳೆತದ್ದೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ. ರೂಟರುಗಳಿಗೆಂದೇ ಸ್ವಯಂಸೇವಕರು ಕಟ್ಟಿ ಬೆಳೆಸಿದ ಈ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಇಂದು ನೂರಾರು ಬಗೆಯ ಉಪಕರಣಗಳಲ್ಲಿ ಓಡುತ್ತದೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. 2005ರಲ್ಲಿ ಅದೇ ರೂಟರಿನ ಐದನೆಯ ಆವೃತ್ತಿ ಬಂದಾಗ ತಯಾರಕರು ಅದರ ಸ್ಮೃತಿಯನ್ನು ಅರ್ಧಕ್ಕಿಳಿಸಿ, ಲಿನಕ್ಸನ್ನು ತೆಗೆದು, ಖಾಸಗಿ ವ್ಯವಸ್ಥೆಯೊಂದನ್ನು ಸೇರಿಸಿದರು. ಪೆಟ್ಟಿಗೆಯ ಹೆಸರು ಅದೇ, ಬಣ್ಣ ಅದೇ, ಒಳಗಿನ ಜೀವ ಬೇರೆ. ಗ್ರಾಹಕರು ಸುಮ್ಮನಿರಲಿಲ್ಲ. ಹಳೆಯ ಯಂತ್ರಾಂಶವನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ, ತುಸು ಹೆಚ್ಚಿನ ಬೆಲೆಗೆ, ಸಂಸ್ಥೆ ಮತ್ತೆ ಮಾರುಕಟ್ಟೆಗೆ ತರಬೇಕಾಯಿತು. ಆ ಹೆಚ್ಚುವರಿ ‘ಎಲ್’ ಅಕ್ಷರ ಲಿನಕ್ಸನ್ನು ಸೂಚಿಸುತ್ತಿತ್ತು. ಹೊಸ ಮಾದರಿಗಳು ಆರೆಂಟು ತಿಂಗಳಿಗೊಮ್ಮೆ ಹುಟ್ಟಿ ಸಾಯುವ ಈ ವ್ಯಾಪಾರದಲ್ಲಿ ಅದು 2016ರಲ್ಲೂ ಮಾರಾಟವಾಗುತ್ತಿತ್ತು. ಸ್ವಾತಂತ್ರ್ಯಕ್ಕೆ ಬೇಡಿಕೆಯಿದೆ, ಅದಕ್ಕೆ ಬೆಲೆ ತೆರಲು ಜನ ಸಿದ್ಧರಿದ್ದಾರೆ ಎಂಬುದಕ್ಕೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಪರವಾನಗಿಯ ಷರತ್ತುಗಳನ್ನು ಪಾಲಿಸಿಲ್ಲವೆಂದು 2008ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸಿಸ್ಕೊ ವಿರುದ್ಧ ಮೊಕದ್ದಮೆ ಹೂಡಿತು, 2009ರಲ್ಲಿ ರಾಜಿಯಾಯಿತು.

ಹಾಗಿದ್ದರೆ ಎಲ್ಲ ತಯಾರಕರೂ ಒಳ್ಳೆಯ ತಂತ್ರಾಂಶವುಳ್ಳ ರೂಟರನ್ನೇ ಏಕೆ ಮಾಡುವುದಿಲ್ಲ? ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಇದಕ್ಕೆ ಉತ್ತರ ಹೇಳಿದ್ದಾರೆ. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕಾಗಿಯೇ. ಸರಕಿನ ಗುಣವನ್ನು ಮಾರುವವನು ಬಲ್ಲ, ಕೊಳ್ಳುವವನು ಅರಿಯ ಎಂದಾದಾಗ ಕೊಳ್ಳುವವನು ಒಳ್ಳೆಯದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಆಗ ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. ರೂಟರಿನ ಪೆಟ್ಟಿಗೆಯ ಮೇಲೆ ಆಂಟೆನಾಗಳನ್ನು ಎಣಿಸಬಹುದು, ವೇಗದ ಅಂಕಿಯನ್ನು ಓದಬಹುದು. ತಂತ್ರಾಂಶದ ದೋಷಗಳನ್ನು ತಯಾರಕ ಎಷ್ಟು ವರ್ಷ ತಿದ್ದಿಕೊಡುತ್ತಾನೆ ಎಂಬುದನ್ನು ಕಾಣಲು ಸಾಧ್ಯವಿಲ್ಲ. ಆದ್ದರಿಂದ ಸ್ಪರ್ಧೆ ಆಂಟೆನಾಗಳ ಸಂಖ್ಯೆಯಲ್ಲಿ ನಡೆಯುತ್ತದೆ.

ಇದರ ನಷ್ಟ ಕೊಂಡವನೊಬ್ಬನಿಗೇ ಸೀಮಿತವಾಗಿದ್ದರೆ ಅವರವರ ಹಣೆಬರಹವೆನ್ನಬಹುದಿತ್ತು. 2011ರಲ್ಲಿ ಬ್ರೆಜಿಲ್ ದೇಶದ ಸುಮಾರು 45 ಲಕ್ಷ ಮೊಡೆಮ್‌ಗಳ ವಿಳಾಸ ಸೂಚಿಯನ್ನು ದುಷ್ಕರ್ಮಿಗಳು ಬದಲಿಸಿದ್ದರು. ಬಳಕೆದಾರ ತನ್ನ ಬ್ಯಾಂಕಿನ ವಿಳಾಸವನ್ನು ಸರಿಯಾಗಿ ಬೆರಳಚ್ಚಿಸಿದರೂ ನಕಲಿ ಪುಟಕ್ಕೆ ಹೋಗಿ ನಿಲ್ಲುವ ಸ್ಥಿತಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ತಯಾರಕರು ಕೊಟ್ಟ ಅರುವತ್ತು ಚಿಲ್ಲರೆ ಸಿದ್ಧ ಗುಪ್ತಪದಗಳ ಪಟ್ಟಿಯೊಂದನ್ನು ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳೆಲ್ಲ ಒಟ್ಟಾಗಿ ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳೇ ಗಂಟೆಗಟ್ಟಲೆ ಮುಚ್ಚಿದವು. 2017ರ ಜುಲೈನಲ್ಲಿ ಕರ್ನಾಟಕವೂ ಸೇರಿದಂತೆ ಬಿಎಸ್‌ಎನ್‌ಎಲ್ ಜಾಲದ ಮೊಡೆಮ್‌ಗಳ ಮೇಲೆ ದಾಳಿ ನಡೆದು, ಸಿದ್ಧ ಗುಪ್ತಪದವನ್ನು ಬದಲಿಸುವಂತೆ ಸಂಸ್ಥೆ ತನ್ನ ಗ್ರಾಹಕರಿಗೆ ಸೂಚಿಸಬೇಕಾಯಿತು. ಕಾರ್ಖಾನೆಯ ಹೊಗೆಯಂತೆ ಇದೂ ಬಾಹ್ಯ ಪರಿಣಾಮವೇ. ಅಗ್ಗದ ಪೆಟ್ಟಿಗೆಯ ಲಾಭ ಒಬ್ಬನಿಗೆ, ಕಷ್ಟ ಊರಿಗೆ. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಸ್ವತಂತ್ರ ತಂತ್ರಾಂಶದಲ್ಲಿ ದೋಷಗಳೇ ಇರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಇರುತ್ತವೆ. ವ್ಯತ್ಯಾಸವಿರುವುದು ಎರಡು ಕಡೆ. ದೋಷ ಪತ್ತೆಯಾದಾಗ ಅದನ್ನು ತಿದ್ದುವ ಹಕ್ಕು ತಯಾರಕನೊಬ್ಬನ ಸ್ವತ್ತಾಗಿ ಉಳಿಯುವುದಿಲ್ಲ. ತಯಾರಕ ಕೈಬಿಟ್ಟ ಹಾರ್ಡ್‌ವೇರ್‌ಗೂ ಆಯುಸ್ಸು ಉಳಿಯುತ್ತದೆ. ನಮ್ಮದೇ ಭಾಷೆಯ ಅನುಭವವನ್ನು ನೆನೆಯಿರಿ. ಯುನಿಕೋಡ್ ಬರುವ ಮೊದಲು ಕನ್ನಡದ ಕಡತಗಳನ್ನು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರ ಸಂಕೇತದಲ್ಲಿ ಬೆರಳಚ್ಚಿಸಿ ಇಟ್ಟೆವು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಆದೇಶ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು; ಅವನ್ನೆಲ್ಲ ಪರಿವರ್ತಿಸುವ ಕೆಲಸಕ್ಕೆ ವರ್ಷಗಳು ಹಿಡಿದವು. ಎಲ್ಲರಿಗೂ ತೆರೆದಿರುವ ಮಾನಕವನ್ನು ಆರಿಸಿಕೊಳ್ಳದಿದ್ದರೆ ಬೆಲೆಯನ್ನು ಆಮೇಲೆ ಬಡ್ಡಿ ಸಮೇತ ತೆರಬೇಕಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನು ಆಯ್ಕೆಯ ವಿಚಾರ. ಅಂಗಡಿಗೆ ಹೋಗುವ ಮುನ್ನ ನಾನು ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಮೊದಲನೆಯದು: ಈ ಮಾದರಿ ಮಾತ್ರವಲ್ಲ, ಇದರ ಈ ಆವೃತ್ತಿ ಓಪನ್‌ಡಬ್ಲ್ಯುಆರ್‌ಟಿ ಪ್ರಕಟಿಸಿರುವ ಬೆಂಬಲಿತ ಉಪಕರಣಗಳ ಪಟ್ಟಿಯಲ್ಲಿದೆಯೇ? ಟಿಪಿ-ಲಿಂಕ್ ಸಂಸ್ಥೆಯ ಆರ್ಚರ್ ಸಿ7 ಈ ವಲಯದಲ್ಲಿ ಬಹಳ ಜನಪ್ರಿಯವಾಗಿತ್ತು. ಆದರೆ ಅದರ ಮೊದಲ ಆವೃತ್ತಿಯ 5 ಗಿಗಾಹರ್ಟ್ಸ್ ವೈ-ಫೈ ಚಿಪ್‌ಗೆ ಸ್ವತಂತ್ರ ಚಾಲಕ ತಂತ್ರಾಂಶದ ಬೆಂಬಲವಿರಲಿಲ್ಲ, ಎರಡನೆಯದಕ್ಕೆ ಇತ್ತು. ಆವೃತ್ತಿಯ ಸಂಖ್ಯೆ ಪೆಟ್ಟಿಗೆಯ ತಳಭಾಗದ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಭೂತಗನ್ನಡಿ ಹಿಡಿದಾದರೂ ಅದನ್ನು ಓದಲೇಬೇಕು. ಎರಡನೆಯದು: ಸ್ಮೃತಿ ಎಷ್ಟು? 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಉಳ್ಳ ಹಳೆಯ ಪೆಟ್ಟಿಗೆಗಳಿಗೆ ಹೊಸ ಆವೃತ್ತಿಗಳ ಬೆಂಬಲ ನಿಂತುಹೋಗಿದೆ. 16 ಎಂಬಿ ಫ್ಲ್ಯಾಶ್ ಮತ್ತು 128 ಎಂಬಿ ರ್‍ಯಾಮ್‌ಗಿಂತ ಕಡಿಮೆಯದನ್ನು ಇಂದು ಕೊಳ್ಳುವುದು ವಿವೇಕವಲ್ಲ. ಮೂರನೆಯದು: ಚಿಪ್ ಯಾರದು? ಮೀಡಿಯಾಟೆಕ್ ಚಿಪ್‌ಗಳಿಗೆ, ಕ್ವಾಲ್ಕಮ್‌ನ ಅನೇಕ ಚಿಪ್‌ಗಳಿಗೆ ತೆರೆದ ಚಾಲಕಗಳಿವೆ. ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳ ವಿಷಯದಲ್ಲಿ ಬೆಂಬಲ ತೀರಾ ಸೀಮಿತ. ನಾಲ್ಕನೆಯದು: ತಂತ್ರಾಂಶ ಬದಲಿಸುವಾಗ ನಡುವೆ ವಿದ್ಯುತ್ ಹೋದರೆ, ಬೆಂಗಳೂರಿನಲ್ಲಿ ಇದು ಕೇವಲ ಊಹೆಯಲ್ಲ, ಪೆಟ್ಟಿಗೆಯನ್ನು ಮತ್ತೆ ಬದುಕಿಸಲು ದಾರಿಯಿದೆಯೇ?

ಸ್ವಾತಂತ್ರ್ಯದಲ್ಲಿಯೂ ತರತಮಗಳಿವೆ. ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ‘ನಿಮ್ಮ ಸ್ವಾತಂತ್ರ್ಯವನ್ನು ಗೌರವಿಸುತ್ತದೆ’ ಎಂಬ ಮುದ್ರೆಯನ್ನು ಕೆಲವೇ ಯಂತ್ರಗಳಿಗೆ ನೀಡುತ್ತದೆ. ಥಿಂಕ್‌ಪೆಂಗ್ವಿನ್ ಸಂಸ್ಥೆ ಮಾರುವ, ಲಿಬ್ರೆಸಿಎಂಸಿ ಎಂಬ ವ್ಯವಸ್ಥೆಯುಳ್ಳ ರೂಟರುಗಳಿಗೆ ಆ ಮುದ್ರೆ ಸಿಕ್ಕಿದೆ. ಅವುಗಳಲ್ಲಿ ಮುಚ್ಚಿದ ಸಂಕೇತದ ಒಂದು ತುಣುಕೂ ಇಲ್ಲ. ಆದರೆ ವೈ-ಫೈ ವೇಗ 2009ರ ಮಾನಕದ್ದು. ಏಕೆಂದರೆ ಅದರ ನಂತರದ ಬಹುತೇಕ ವೈ-ಫೈ ಚಿಪ್‌ಗಳಿಗೆ ತಯಾರಕರು ಕೊಡುವ ಮುಚ್ಚಿದ ಫರ್ಮ್‌ವೇರ್ ಬೇಕೇ ಬೇಕು. ಚಾಲಕ ತೆರೆದಿದ್ದರೂ ಚಿಪ್‌ನ ಹೊಟ್ಟೆಯೊಳಗಿನದು ತೆರೆದಿಲ್ಲ. 2024ರ ಕೊನೆಯಲ್ಲಿ ಬಂದ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬುದು ಮಧ್ಯಮ ಮಾರ್ಗ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆಯ ಸಹಯೋಗದಲ್ಲಿ ಆ ಸ್ವಯಂಸೇವಕರೇ ವಿನ್ಯಾಸಗೊಳಿಸಿ, ಬನಾನಾ ಪೈ ತಯಾರಿಸಿದ ಈ ರೂಟರಿನ ಆರಂಭಿಕ ಬೆಲೆ ಕವಚ ಸಹಿತ 89 ಡಾಲರ್. ಅದರಲ್ಲಿ ಎರಡು ಪ್ರತ್ಯೇಕ ಫ್ಲ್ಯಾಶ್ ಸ್ಮೃತಿಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದರಿಂದ ಯಂತ್ರವನ್ನು ಎಬ್ಬಿಸಬಹುದು. ಝೆಕ್ ದೇಶದ ಡೊಮೇನ್ ನೋಂದಣಿ ಸಂಸ್ಥೆ ರೂಪಿಸಿದ ಟುರಿಸ್ ಓಮ್ನಿಯಾ, ದೋಷ ತಿದ್ದುಪಡಿಗಳನ್ನು ತಾನಾಗಿಯೇ ಅಳವಡಿಸಿಕೊಳ್ಳುವ ಗುಣಕ್ಕೆ ಹೆಸರಾದದ್ದು, ಆದರೆ ಬೆಲೆ ದುಬಾರಿ. ವಿದೇಶದಿಂದ ತರಿಸುವಾಗ ಸುಂಕದ ಜೊತೆಗೆ ನಿಸ್ತಂತು ಉಪಕರಣಗಳಿಗೆ ಬೇಕಾದ ಅನುಮೋದನೆಯ ನಿಯಮಗಳನ್ನೂ ಗಮನದಲ್ಲಿಡಬೇಕು.

ನಾನು ಕೊನೆಗೆ ಹಿಡಿದ ದಾರಿ ಆಡಂ ಸ್ಮಿತ್ ಹೇಳಿದ ಶ್ರಮ ವಿಭಜನೆಯದು. ರೂಟರ್, ಸ್ವಿಚ್, ವೈ-ಫೈ ಮೂರನ್ನೂ ಬೇರೆ ಬೇರೆ ಮಾಡುವುದು. ವೈ-ಫೈ ಮಾನಕ ನಾಲ್ಕಾರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪತ್ರ ಹಂಚುವ ಕೆಲಸ ಅಷ್ಟು ಬೇಗ ಬದಲಾಗುವುದಿಲ್ಲ. ಬೇರ್ಪಡಿಸಿದರೆ ಹೊಸ ಮಾನಕ ಬಂದಾಗ ವೈ-ಫೈ ಕೇಂದ್ರವನ್ನಷ್ಟೇ ಬದಲಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಮುಚ್ಚಿದ ಫರ್ಮ್‌ವೇರ್ ಅನಿವಾರ್ಯವಾದ ಭಾಗ ಮನೆಯೊಳಗೆ ಉಳಿದು, ಹೆಬ್ಬಾಗಿಲಿನಲ್ಲಿ ಮಾತ್ರ ಪೂರ್ತಿ ನಮ್ಮ ಹಿಡಿತದ ವ್ಯವಸ್ಥೆ ಇರುತ್ತದೆ. ಎಸ್.ಪಿ. ರಸ್ತೆಯಲ್ಲಿ ಎರಡು ಜಾಲ ಕಿಂಡಿಗಳಿರುವ, ಫ್ಯಾನ್ ಇಲ್ಲದ ಹಳೆಯ ಪುಟ್ಟ ಗಣಕವೊಂದು ಸಿಕ್ಕಿತು. ಸಂಬಂಧಿಕರ ಮಗಳು, ಎಂಜಿನಿಯರಿಂಗ್ ವಿದ್ಯಾರ್ಥಿನಿ, ಒಂದು ಭಾನುವಾರ ಜೊತೆಗೆ ಕುಳಿತು ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಟ್ಟಳು. ಇದರ ಬಯೋಸ್ ಮುಚ್ಚಿದ ಸಂಕೇತವೇ. ಬಯೋಸ್ ಜಾಗದಲ್ಲಿ ಕೋರ್‌ಬೂಟ್ ಎಂಬ ಸ್ವತಂತ್ರ ತಂತ್ರಾಂಶವನ್ನು ಕೊಡುತ್ತಿದ್ದ ಸ್ವಿಟ್ಜರ್ಲೆಂಡಿನ ಪಿಸಿ ಎಂಜಿನ್ಸ್ ಸಂಸ್ಥೆ 2023ರಲ್ಲಿ ತನ್ನ ಸರಣಿಗೆ ಮಂಗಳ ಹಾಡಿತು. ಪರಿಪೂರ್ಣತೆ ಸಿಗದಿದ್ದಾಗ ಇರುವುದರಲ್ಲಿ ಉತ್ತಮವಾದದ್ದನ್ನು ಆರಿಸುವುದು ಆಡಳಿತ ಕಲಿಸುವ ವಿವೇಕ.

ಹಳೆಯ ದೊಡ್ಡ ಗಣಕವನ್ನೇ ರೂಟರ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ರೂಟರ್ ಹಗಲಿರುಳೂ ಉರಿಯುವ ಯಂತ್ರ. 10 ವಾಟ್ ಬೇಡುವ ಪುಟ್ಟ ಪೆಟ್ಟಿಗೆ ವರ್ಷಕ್ಕೆ ಸುಮಾರು 88 ಯೂನಿಟ್ ವಿದ್ಯುತ್ ಬಳಸಿದರೆ, 50 ವಾಟ್ ಬೇಡುವ ಹಳೆಯ ಗಣಕ 438 ಯೂನಿಟ್ ನುಂಗುತ್ತದೆ. ಪುಕ್ಕಟೆ ಸಿಕ್ಕ ಯಂತ್ರ ಮೂರು ವರ್ಷಗಳಲ್ಲಿ ಹೊಸದಕ್ಕಿಂತ ದುಬಾರಿಯಾದೀತು.

ಸ್ವಿಚ್ ವಿಷಯದಲ್ಲಿ ನನ್ನ ಸಲಹೆ ಇನ್ನೂ ಸರಳ. ಸಾಧಾರಣ ಮನೆಗೆ ಯಾವ ಹೊಂದಾಣಿಕೆಯೂ ಇಲ್ಲದ ಐದು ಅಥವಾ ಎಂಟು ಕಿಂಡಿಗಳ ಗಿಗಾಬಿಟ್ ಸ್ವಿಚ್ ಸಾಕು. ಅದಕ್ಕೆ ಗುಪ್ತಪದವಿಲ್ಲ, ಜಾಲದಲ್ಲಿ ವಿಳಾಸವಿಲ್ಲ. ಆದ್ದರಿಂದ ಹೊರಗಿನವನಿಗೆ ಅದನ್ನು ತಟ್ಟಲು ಬಾಗಿಲೂ ಇಲ್ಲ. ಆಡಳಿತ ಸೌಲಭ್ಯವುಳ್ಳ ಸ್ವಿಚ್ ಬೇಕಾಗುವುದು ಒಂದೇ ತಂತಿಯಲ್ಲಿ ಹಲವು ಪ್ರತ್ಯೇಕ ಜಾಲಗಳನ್ನು ನಡೆಸಬೇಕಾದಾಗ. ಉದಾಹರಣೆಗೆ, ಕಾವಲು ಕ್ಯಾಮೆರಾಗಳು ಒಂದು ಕೋಣೆಯಲ್ಲಿ, ಅತಿಥಿಗಳ ಮೊಬೈಲುಗಳು ಇನ್ನೊಂದರಲ್ಲಿ, ಬ್ಯಾಂಕಿನ ವ್ಯವಹಾರ ಮಾಡುವ ಗಣಕ ಮತ್ತೊಂದರಲ್ಲಿ ಇರುವಂತೆ ಗೋಡೆ ಎಬ್ಬಿಸುವುದು. ಅಂಥ ಸ್ವಿಚ್‌ಗಳಲ್ಲಿ ಸ್ವತಂತ್ರ ತಂತ್ರಾಂಶ ಬಹುಕಾಲ ಗಗನಕುಸುಮವಾಗಿತ್ತು. 2021ರ ಓಪನ್‌ಡಬ್ಲ್ಯುಆರ್‌ಟಿ 21.02 ಆವೃತ್ತಿಯಿಂದ, ರಿಯಲ್‌ಟೆಕ್ ಚಿಪ್ ಆಧರಿಸಿದ ನೆಟ್‌ಗಿಯರ್ ಜಿಎಸ್308ಟಿ, ಝೈಕ್ಸೆಲ್ ಜಿಎಸ್1900 ಸರಣಿಯ ಕೆಲವು ಮಾದರಿಗಳಲ್ಲಿ ಅದು ಸಾಧ್ಯವಾಗಿದೆ. ಇಲ್ಲಿಯೂ ಆವೃತ್ತಿಯ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು.

ಸೇವಾ ಸಂಸ್ಥೆ ಕೊಟ್ಟ ಪೆಟ್ಟಿಗೆಯನ್ನು ಎಸೆಯುವಂತಿಲ್ಲ. ಗಾಜಿನ ಎಳೆ ಬಂದು ಮುಟ್ಟುವುದು ಅದಕ್ಕೇ. ಆದರೆ ಅದನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಿಕೊಡಿ ಎಂದು ಕೇಳಬಹುದು. ಆಗ ಅದು ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಉಳಿದುದು ನಮ್ಮ ರೂಟರಿನ ಪಾಲು. ಅವರು ಒಪ್ಪದಿದ್ದರೆ ಅದರ ಹಿಂದೆ ನಮ್ಮದನ್ನು ಜೋಡಿಸಿದರೂ ಸಾಮಾನ್ಯ ಬಳಕೆಗೆ ಅಡ್ಡಿಯಿಲ್ಲ. ಮನೆಯೊಳಗಿನ ಯಂತ್ರಗಳು ಅವರ ಪೆಟ್ಟಿಗೆಯ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ.

ಇದರಿಂದ ಕಣ್ಣಿಗೆ ಕಾಣುವ ಪ್ರಯೋಜನವೇನು? ಒಬ್ಬರು ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿರುವಾಗ ಇನ್ನೊಬ್ಬರ ವಿಡಿಯೊ ಮಾತುಕತೆ ತಡವರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಸಂಪರ್ಕದ ವೇಗ ಕಡಿಮೆಯಾಗಿದೆಯೆಂದು ನಾವು ಹೆಚ್ಚು ಹಣದ ಯೋಜನೆಗೆ ಹೋಗುತ್ತೇವೆ. ನಿಜವಾದ ಕಾರಣ ಅನೇಕ ವೇಳೆ ರೂಟರಿನೊಳಗೆ ಬೆಳೆಯುವ ಉದ್ದನೆಯ ಸರತಿ ಸಾಲು. ಜಿಮ್ ಗೆಟಿಸ್, ಡೇವ್ ಟಾಟ್ ಮೊದಲಾದವರು 2011ರ ಸುಮಾರಿಗೆ ಇದನ್ನು ಬಫರ್‌ಬ್ಲೋಟ್ ಎಂದು ಗುರುತಿಸಿ, ಓಪನ್‌ಡಬ್ಲ್ಯುಆರ್‌ಟಿ ಆಧಾರದ ಮೇಲೆಯೇ ಪ್ರಯೋಗ ನಡೆಸಿ ಪರಿಹಾರ ರೂಪಿಸಿದರು. ದೊಡ್ಡ ಗಂಟು ಹೊತ್ತವನು ಕಿಟಕಿಯನ್ನು ಆವರಿಸಿಕೊಳ್ಳದಂತೆ ಸಣ್ಣ ಚೀಟಿ ಹಿಡಿದವರನ್ನು ನಡುನಡುವೆ ಮುಂದೆ ಬಿಡುವ ಆ ವಿಧಾನ 2012ರಲ್ಲೇ ಲಿನಕ್ಸ್ ಸೇರಿತು. ಹೃದ್ರೋಗ ತಜ್ಞರೊಂದಿಗೆ ನನ್ನ ಪತ್ನಿಯ ಮಾಸಿಕ ಸಮಾಲೋಚನೆ ಈಗ ಮಧ್ಯದಲ್ಲಿ ನಿಲ್ಲುವುದಿಲ್ಲ. ಅದಕ್ಕಾಗಿ ತಿಂಗಳ ಬಾಡಿಗೆಯನ್ನು ಒಂದು ರೂಪಾಯಿಯಷ್ಟೂ ಹೆಚ್ಚಿಸಬೇಕಾಗಲಿಲ್ಲ.

ಆದರೆ ಆಕೆ ಕೇಳಿದ ಒಂದು ಪ್ರಶ್ನೆ ನನ್ನ ನಾಲ್ಕು ಪ್ರಶ್ನೆಗಳಿಗಿಂತ ಭಾರವಾದದ್ದು. ‘ನೀವಿಲ್ಲದ ದಿನ ಇದನ್ನು ನೋಡಿಕೊಳ್ಳುವವರು ಯಾರು?’ ಅರುವತ್ತು ದಾಟಿದ ಯಾವ ಗೃಹಸ್ಥನೂ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಬ್ಬನಿಗೆ ಮಾತ್ರ ಅರ್ಥವಾಗುವ ವ್ಯವಸ್ಥೆ ಎಷ್ಟೇ ಸ್ವತಂತ್ರವಾಗಿದ್ದರೂ ಮನೆಯ ಉಳಿದವರಿಗೆ ಅದೊಂದು ಪರಾಧೀನತೆಯೇ. ಆದ್ದರಿಂದ ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ಯಾವ ತಂತಿ ಎಲ್ಲಿಗೆ, ಗುಪ್ತಪದಗಳೇನು, ದೀಪ ಕೆಂಪಾದರೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ವಿಮಾ ಪತ್ರಗಳಿರುವ ಬೀರುವಿನಲ್ಲಿ ಇಟ್ಟಿದ್ದೇನೆ. ಹೊಂದಾಣಿಕೆಗಳ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿದೆ. ಎಲ್ಲವೂ ಕೈಕೊಟ್ಟರೆ ನೀಲಿ ತಂತಿಯನ್ನು ಕಿತ್ತು ಹಳೆಯ ಪೆಟ್ಟಿಗೆಗೆ ಸಿಕ್ಕಿಸುವುದು ಹೇಗೆಂದು ಆಕೆ ಎರಡು ಬಾರಿ ತಾನೇ ಮಾಡಿ ನೋಡಿದ್ದಾಳೆ. ಇಷ್ಟು ಸಿದ್ಧತೆಗೆ ಪುರುಸೊತ್ತಿಲ್ಲದವರು ಸ್ವಂತ ರೂಟರಿನ ಗೋಜಿಗೆ ಹೋಗದೆ, ಸಿದ್ಧ ಗುಪ್ತಪದವನ್ನು ಬದಲಿಸಿ, ತಿದ್ದುಪಡಿಗಳನ್ನು ತಪ್ಪದೆ ಅಳವಡಿಸಿಕೊಂಡರೂ ಅರ್ಧ ಕೆಲಸವಾದಂತೆಯೇ.

ಸ್ವತಂತ್ರ ತಂತ್ರಾಂಶದ ರೂಟರುಗಳ ಬಗ್ಗೆ ನಿಯಂತ್ರಕರಿಗೆ ಇರುವ ಆಕ್ಷೇಪವೊಂದನ್ನೂ ಹೇಳಬೇಕು. ರೇಡಿಯೊ ಶಕ್ತಿಯನ್ನು ಬಳಕೆದಾರ ಮನಬಂದಂತೆ ಹೆಚ್ಚಿಸಿದರೆ ಹವಾಮಾನ ರಾಡಾರ್‌ಗಳಿಗೆ ಅಡಚಣೆಯಾಗುತ್ತದೆ ಎಂಬುದು ನಿಜವಾದ ಆತಂಕ. 2015ರ ಸುಮಾರಿಗೆ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಈ ಸಂಬಂಧ ನಿಯಮಗಳನ್ನು ಬಿಗಿಗೊಳಿಸಿದಾಗ, ಕೆಲವು ತಯಾರಕರು ರೇಡಿಯೊ ಭಾಗವನ್ನಷ್ಟೇ ಭದ್ರಪಡಿಸುವ ಬದಲು ಇಡೀ ಪೆಟ್ಟಿಗೆಗೇ ಬೀಗ ಜಡಿಯಲು ಹೊರಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2016ರಲ್ಲಿ ಟಿಪಿ-ಲಿಂಕ್ ಜೊತೆಗಿನ ಇತ್ಯರ್ಥದಲ್ಲಿ ಆಯೋಗವೇ 2 ಲಕ್ಷ ಡಾಲರ್ ದಂಡದ ಜೊತೆಗೆ, ಅನ್ಯ ಫರ್ಮ್‌ವೇರ್‌ಗೆ ಅವಕಾಶ ಕಲ್ಪಿಸಲು ಶ್ರಮಿಸಬೇಕೆಂಬ ಷರತ್ತನ್ನೂ ಸೇರಿಸಿತು. ನಿಯಂತ್ರಣವೂ ಸ್ವಾತಂತ್ರ್ಯವೂ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಬೇರೆ ದೇಶಗಳು ಇನ್ನೂ ಮುಂದೆ ಹೋಗಿವೆ. ಐರೋಪ್ಯ ಒಕ್ಕೂಟದ 2015ರ ನಿಯಮ ಬಳಕೆದಾರನಿಗೆ ತನ್ನ ಆಯ್ಕೆಯ ಉಪಕರಣವನ್ನು ಬಳಸುವ ಹಕ್ಕನ್ನು ಮಾನ್ಯ ಮಾಡಿತು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಸೇವಾ ಸಂಸ್ಥೆಗಳು ತಮ್ಮದೇ ರೂಟರನ್ನು ಗ್ರಾಹಕರ ಮೇಲೆ ಹೇರುವಂತಿಲ್ಲ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಿದ್ಧ ಗುಪ್ತಪದ ಕೊಡುವುದನ್ನು ನಿಷೇಧಿಸಿ, ಭದ್ರತಾ ತಿದ್ದುಪಡಿಗಳನ್ನು ಎಂದಿನವರೆಗೆ ನೀಡಲಾಗುವುದು ಎಂಬುದನ್ನು ತಯಾರಕರು ಪ್ರಕಟಿಸಬೇಕೆಂದು ವಿಧಿಸಿದೆ. ನಮ್ಮಲ್ಲಿಯೂ ಇದಕ್ಕೆ ಬೇಕಾದ ಮನಸ್ಸು ಇಲ್ಲದಿಲ್ಲ. ಸರ್ಕಾರಿ ಕೆಲಸದಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ 2015ರಲ್ಲೇ ಪ್ರಕಟಿಸಿತು. ದೂರಸಂಪರ್ಕ ಉಪಕರಣಗಳ ಭದ್ರತಾ ಮಾನಕಗಳನ್ನು ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರದ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲೇ.

2006ರಲ್ಲಿ ಇಂಧನ ದಕ್ಷತಾ ಬ್ಯೂರೊ ನಕ್ಷತ್ರಗಳ ಚೀಟಿಯನ್ನು ಜಾರಿಗೆ ತಂದಾಗ ರೆಫ್ರಿಜರೇಟರಿನ ಒಳಗಿನ ಗುಣ ಹೊರಗೆ ಕಾಣುವಂತಾಯಿತು. ಕೊಳ್ಳುವವರು ನಕ್ಷತ್ರ ಎಣಿಸತೊಡಗಿದರು, ಮಾಡುವವರು ಅದಕ್ಕೆ ತಕ್ಕಂತೆ ಬದಲಾದರು. ಅಕರ್ಲಾಫ್ ಹೇಳಿದ ರೋಗಕ್ಕೆ ಅದೇ ಮದ್ದು. ರೂಟರಿನ ಪೆಟ್ಟಿಗೆಯ ಮೇಲೂ ಎರಡು ಸಾಲುಗಳಿರಲಿ: ತಿದ್ದುಪಡಿಗಳು ಯಾವ ತಾರೀಖಿನವರೆಗೆ ಸಿಗುತ್ತವೆ ಎಂಬುದು ಒಂದು, ಆ ತಾರೀಖಿನ ನಂತರ ಕೊಂಡವನು ತನಗೆ ಬೇಕಾದ ತಂತ್ರಾಂಶವನ್ನು ಹಾಕಿಕೊಳ್ಳಲು ಬೀಗ ತೆರೆದಿರುತ್ತದೆಯೇ ಎಂಬುದು ಇನ್ನೊಂದು. ಇದಕ್ಕೆ ಹೊಸ ಇಲಾಖೆ ಬೇಡ, ಅನುದಾನ ಬೇಡ. ಅಂಥ ಚೀಟಿ ಬರುವ ತನಕ, ಮುಂದಿನ ರೂಟರ್ ಕೊಳ್ಳುವ ಓದುಗರು ಅಂಗಡಿಯ ಕಟ್ಟೆಯ ಮೇಲೆ ಈ ಎರಡು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿದರೂ ಸಾಕು. ಹತ್ತು ಮಂದಿ ಕೇಳಿದ ಪ್ರಶ್ನೆಗೆ ಅಂಗಡಿಯವನು ಉತ್ತರ ಹುಡುಕುತ್ತಾನೆ. ಸಾವಿರ ಮಂದಿ ಕೇಳಿದ್ದಕ್ಕೆ ತಯಾರಕನೇ ಉತ್ತರಿಸಬೇಕಾಗುತ್ತದೆ.